ಪಹಣಿಯಲ್ಲಿ ಅಕ್ಕನ ಹೆಸರೆಲ್ಲಿ?

(ಶ್ರಾವಣ ಮಾಸದ ಶರಣ ಚಿಂತನ ಗೋಷ್ಠಿಯಲ್ಲಿ ನಿವೃತ್ತ ನೀರಾವರಿ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಪಠ್ಯ)

 

ನನಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಒಡೆತನ’. ನಾನು ಸಾಹಿತಿಯಲ್ಲ, ವಚನಗಳನ್ನು ಆಳವಾಗಿ ಓದಿಕೊಂಡವನೂ ಅಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲುವೆ, ತೂಬು, ಗೇಟುಗಳ ನಡುವೆ ನೌಕರಿ ಮಾಡಿದವನು. ಹೀಗಾಗಿ ನನಗೆ ಗೊತ್ತಿರುವ ಒಂದೇ ಕಾಯಕದ ಮಾತನ್ನು ಆಡುತ್ತೇನೆ. ಅದು ಭತ್ತದ ಕಾಯಕ.

ಈ ಹೊತ್ತು ಬೆಳಿಗ್ಗೆ ಮಠಕ್ಕೆ ಬರುವಾಗ ಭದ್ರಾ ನಾಲೆಯ ಏರಿಯ ಮೇಲೆಯೇ ಬಂದೆ. ಎರಡೂ ಕಡೆ ನಾಟಿ ನಡೆದಿದೆ. ಒಂದು ಗದ್ದೆಯಲ್ಲಿ ಟ್ರ್ಯಾಕ್ಟರ್ ಕೆಸರು ಹೊಡೆಯುತ್ತಿತ್ತು, ಅದರ ಮೇಲೆ ಒಬ್ಬ ಹುಡುಗ. ಬದುವಿನ ಮೇಲೆ ಸಸಿಯ ಕಟ್ಟು ಎಸೆಯುವವನೊಬ್ಬ. ಕೆಸರಿನೊಳಗೆ ಸೊಂಟ ಬಗ್ಗಿಸಿ ಹಿಂದೆ ಹಿಂದೆ ಸರಿಯುತ್ತಾ ನಾಟಿ ಮಾಡುತ್ತಿದ್ದವರು ಹನ್ನೆರಡು ಜನ. ಹನ್ನೆರಡೂ ಜನ ಹೆಣ್ಣುಮಕ್ಕಳು. ನೀವೂ ಇದನ್ನು ದಿನಾ ನೋಡುತ್ತೀರಿ, ಹೊಸದೇನಲ್ಲ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು. ಕುಡುಗೋಲು ಹೋಗಿ ಕಟಾವು ಯಂತ್ರ ಬಂತು. ಗಂಡಸರು ಮಾಡುತ್ತಿದ್ದ ಕೆಲಸಕ್ಕೆ ಯಂತ್ರ ಮೊದಲು ಬಂತು. ಸಸಿ ಕೀಳುವುದು, ನಾಟಿ, ಕಳೆ ಮಾತ್ರ ನಮ್ಮ ಕಡೆ ಇವತ್ತಿಗೂ ಹೆಚ್ಚಾಗಿ ಹೆಣ್ಣುಮಕ್ಕಳ ಬೆನ್ನ ಮೇಲೆಯೇ ಇವೆ.

ಈಗ ಅದೇ ಗದ್ದೆಗಳ ಪಹಣಿ ತೆಗೆಸಿ ನೋಡಿ. ಪಹಣಿಯ 9ನೇ ಕಾಲಂನಲ್ಲಿ ಭೂಮಿಯ ಒಡೆಯರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು ಮತ್ತು ಬೆಳೆಯ ವಿವರ. ಈ ಎರಡು ಕಾಲಂಗಳಲ್ಲಿ ನಾಟಿ ಮಾಡಿದವರ ಹೆಸರನ್ನು ಹುಡುಕಿ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿರುವುದು ನೂರಕ್ಕೆ ಸುಮಾರು 14. ವಿಸ್ತೀರ್ಣದ ಲೆಕ್ಕ ಹಿಡಿದರೆ ಅದಕ್ಕಿಂತಲೂ ಕಡಿಮೆ, ನೂರಕ್ಕೆ ಸುಮಾರು 12.

ಹೆಸರಿನಲ್ಲಿ ಏನಿದೆ, ಅನ್ನ ಎಲ್ಲರೂ ಒಂದೇ ಮನೆಯಲ್ಲಿ ಉಣ್ಣುತ್ತಾರಲ್ಲ ಎಂದು ನೀವು ಕೇಳಬಹುದು. ನೌಕರಿಯಲ್ಲಿದ್ದಾಗ ನಾನೂ ಹಾಗೇ ತಿಳಿದಿದ್ದೆ. ಹೆಸರಿನಲ್ಲಿ ಏನಿದೆ ಎಂಬುದನ್ನು ಈಗ ಒಂದೊಂದಾಗಿ ಹೇಳುತ್ತೇನೆ. ಸಹಕಾರ ಸಂಘದ ಬಡ್ಡಿ ಇಲ್ಲದ ಬೆಳೆಸಾಲ ಬೇಕೆಂದರೆ ಪಹಣಿ ಕೇಳುತ್ತಾರೆ. ಬೆಳೆ ಹಾಳಾಗಿ ಪರಿಹಾರ ಬಂದರೆ ಅದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. 2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಭೂಮಿ ಯಾರ ಹೆಸರಿನಲ್ಲಿದೆಯೋ ಅವರಿಗೇ. ಬೆಂಬಲ ಬೆಲೆಗೆ ಭತ್ತ ಮಾರಲು ನೋಂದಾಯಿಸುವಾಗಲೂ ಪಹಣಿಯೇ ಬೇಕು. ಸರ್ಕಾರದ ಕಣ್ಣಿಗೆ ರೈತ ಎಂದರೆ ಪಹಣಿಯಲ್ಲಿ ಹೆಸರಿರುವವನು. ಹೆಸರಿಲ್ಲದವಳು ಹತ್ತು ಎಕರೆ ನಾಟಿ ಮಾಡಿದರೂ ‘ಕೃಷಿ ಕೂಲಿ’ ಅಥವಾ ‘ಗೃಹಿಣಿ’.

ನೀರಿನ ವಿಷಯಕ್ಕೆ ಬರುತ್ತೇನೆ, ಅದು ನನ್ನ ಕಸುಬು. 2000ರಲ್ಲಿ ನಮ್ಮ ರಾಜ್ಯದ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದರು. ನೀರು ಹಂಚುವ ತೀರ್ಮಾನ ರೈತರೇ ಮಾಡಲಿ ಎಂಬ ಒಳ್ಳೆಯ ಉದ್ದೇಶ. ಅಂಥ ಎಷ್ಟೋ ಸಭೆಗಳಲ್ಲಿ ನಾನು ಅಧಿಕಾರಿಯಾಗಿ ಕುಳಿತಿದ್ದೇನೆ. ಯಾವ ತೂಬಿಗೆ ಎಷ್ಟು ದಿನ ನೀರು, ಮೇಲ್ಭಾಗದವರು ಯಾವಾಗ ಬಂದ್ ಮಾಡಬೇಕು, ಕೊನೆ ಭಾಗಕ್ಕೆ ಯಾವಾಗ ಬಿಡಬೇಕು ಎಂದು ಗಂಟೆಗಟ್ಟಲೆ ಜಗಳ. ಸದಸ್ಯತ್ವ ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರಿಗೆ. ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಸಹಿ ಅಪರೂಪ. ಇದ್ದರೂ ಅದು ಗಂಡ ತೀರಿಕೊಂಡವರದು, ಅವರ ಪರವಾಗಿ ಮಾತಾಡುತ್ತಿದ್ದವನು ಮೈದುನ.

ಒಂದು ವರ್ಷ ಭದ್ರೆಯಲ್ಲಿ ನೀರು ಕಡಿಮೆ ಇತ್ತು, ಸರದಿಯ ಮೇಲೆ ಬಿಡುತ್ತಿದ್ದೆವು. ರಾತ್ರಿ ಹನ್ನೊಂದು ಗಂಟೆಗೆ ಸೌಡಿಯ ಜೊತೆ ಕೊನೆ ಭಾಗದ ಒಂದು ತೂಬಿಗೆ ಹೋದೆ. ಅಲ್ಲಿ ಒಬ್ಬ ತಾಯಿ ಚಿಕ್ಕ ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಬ್ಯಾಟರಿ ಹಿಡಿದು ನೀರು ಕಾಯುತ್ತಿದ್ದಳು. ‘ನೀನ್ಯಾಕಮ್ಮ, ಮನೆಯಲ್ಲಿ ಗಂಡಸರಿಲ್ಲವೇ?’ ಎಂದು ಕೇಳಿದೆ. ‘ಇಲ್ಲ ಸಾಹೇಬ್ರೆ. ಹಗಲು ನಾಟಿಗೆ ಹೋಗ್ತೀನಿ, ರಾತ್ರಿ ನೀರು ಕಟ್ತೀನಿ’ ಎಂದಳು. ಮರುವಾರದ ಸಭೆಯಲ್ಲಿ ಅವಳ ತೂಬಿನ ಸರದಿ ಬದಲಾಯಿತು. ಸಭೆಯಲ್ಲಿ ಅವಳು ಇರಲಿಲ್ಲ, ಸದಸ್ಯೆಯೂ ಆಗಿರಲಿಲ್ಲ. ಜಮೀನು ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. ಬದಲಾದ ಪಟ್ಟಿಗೆ ಸಹಿ ಹಾಕಿದವನು ನಾನು. ಪ್ರತಿ ತೂಬಿನಲ್ಲಿ ಎಷ್ಟು ಕ್ಯೂಸೆಕ್ ಹರಿಯುತ್ತದೆ ಎಂದು ಅಳೆದವನು, ಆ ನೀರು ಯಾರ ಕೈಗೆ ಸೇರುತ್ತದೆ ಎಂದು ಅಳೆಯಲಿಲ್ಲ.

ಇನ್ನೊಂದು ಮಾತನ್ನು ಎಂಜಿನಿಯರ್ ಆಗಿ ಹೇಳಬೇಕು. ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ನೀರು ನಿಲ್ಲಿಸುವ ಅಣೆಕಟ್ಟು ಕಟ್ಟಿದ್ದು ಸಾರ್ವಜನಿಕರ ಹಣದಿಂದ. ಜೋಳ, ಹತ್ತಿ ಬೆಳೆಯುತ್ತಿದ್ದ ನಮ್ಮ ಖುಷ್ಕಿ ಹೊಲ ತರಿಯಾಯಿತು, ಬೆಲೆ ಹತ್ತಾರು ಪಟ್ಟು ಏರಿತು. ಆ ಏರಿಕೆ ನಮ್ಮ ಬೆವರಿನದಲ್ಲ, ಕಾಲುವೆಯದು. ಆದರೆ ಅದು ಯಾರಿಗೆ ಸೇರಿತು? 9ನೇ ಕಾಲಂನಲ್ಲಿ ಹೆಸರಿದ್ದವರಿಗೆ. ಎಲ್ಲರ ಹಣದ ಕಾಲುವೆ ಗಂಡಸರ ಆಸ್ತಿಯನ್ನು ಬೆಳೆಸಿತು. ಹೊಲ ಖುಷ್ಕಿಯಾಗಿದ್ದಾಗ ಹೆಣ್ಣುಮಕ್ಕಳ ಪಾಲಿನ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ನೀರು ಬಂದ ಮೇಲೆಯೇ ಹೆಣ್ಣುಮಕ್ಕಳನ್ನು ಸಹಿ ಹಾಕಲು ಕರೆದುಕೊಂಡು ಹೋಗುವುದು ಹೆಚ್ಚಾಯಿತು.

ಆ ಸಹಿಯ ಮಾತಿಗೆ ಬಂದೆ. ಇದು ನನ್ನ ಮನೆಯ ಮಾತು. ಪೂಜ್ಯರ ಎದುರು, ಎಲ್ಲರ ಎದುರು ಹೇಳಬೇಕೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದೇನೆ.

ನಮ್ಮದು ಅಜ್ಜನ ಕಾಲದಿಂದ ಬಂದ ಒಂಬತ್ತು ಎಕರೆ. ನನಗೊಬ್ಬ ಅಣ್ಣ, ಒಬ್ಬ ಅಕ್ಕ. ಅವ್ವ ಮೊದಲೇ ತೀರಿಕೊಂಡಿದ್ದಳು. ಅಪ್ಪ 1999ರಲ್ಲಿ ಲಿಂಗೈಕ್ಯರಾದರು. ಅಕ್ಕನ ಮದುವೆ ಬಹಳ ಹಿಂದೆಯೇ ಆಗಿತ್ತು. ಅಂದಿನ ಕಾನೂನಿನ ಪ್ರಕಾರ ಅಪ್ಪನ ಪಾಲು ಮೂರು ಎಕರೆ, ಅದರಲ್ಲಿ ನಾವು ಮೂವರೂ ಸಮಾನ ವಾರಸುದಾರರು. ಅಂದರೆ ಅಕ್ಕನಿಗೆ ಒಂದು ಎಕರೆ. 2001ರಲ್ಲಿ ಅವಳನ್ನು ಕಾರಿನಲ್ಲಿ ನೋಂದಣಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆವು. ‘ಯಾವ ಪ್ರತಿಫಲವನ್ನೂ ಪಡೆಯದೆ, ಪ್ರೀತಿ ವಿಶ್ವಾಸದಿಂದ’ ಎಂದು ಪತ್ರ ಬರಹಗಾರ ಬರೆದಿದ್ದ. ನಾನು ಓದಿ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಹೋಟೆಲಿನಲ್ಲಿ ಊಟ ಮಾಡಿಸಿ, ಒಂದು ಇಳಕಲ್ ಸೀರೆ ಕೊಡಿಸಿ, ಬಸ್ಸಿಗೆ ಹತ್ತಿಸಿದೆವು. ಅಂದಿನಿಂದ ಪಹಣಿಯಲ್ಲಿ ಅಣ್ಣನ ಹೆಸರಿಗೆ ನಾಲ್ಕೂವರೆ, ನನ್ನ ಹೆಸರಿಗೆ ನಾಲ್ಕೂವರೆ.

ನಿವೃತ್ತನಾದ ಮೇಲೆ ಒಂದು ಶ್ರಾವಣದಲ್ಲಿ ಮಗನ ಮದುವೆಯ ಲಗ್ನಪತ್ರಿಕೆ ಕೊಡಲು ಅಕ್ಕನ ಊರಿಗೆ ಹೋದೆ. ಭಾವ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಮನೆಗೆ ಬೀಗ. ಗದ್ದೆಯಲ್ಲಿದ್ದಾಳೆ ಎಂದರು. ಬೇರೆಯವರ ಗದ್ದೆಯಲ್ಲಿ ಗುಂಪಿನ ಜೊತೆ ನಾಟಿ ಮಾಡುತ್ತಿದ್ದಳು. ಅವಳಿಗೆ ಆಗ ಅರವತ್ತು ದಾಟಿತ್ತು. ನನ್ನನ್ನು ನೋಡಿ ‘ಅಯ್ಯೋ ತಮ್ಮಾ, ಕೂತ್ಕೋ, ಕೈ ತೊಳ್ಕಂಡು ಬರ್ತೀನಿ’ ಎಂದಳು. ಭಾವನ ಪಾಲಿನ ಎರಡು ಎಕರೆ ಏನಾಯಿತು ಎಂದು ಕೇಳಿದೆ. ‘ಅದು ಇನ್ನೂ ನಮ್ಮ ಮಾವನ ಹೆಸರಲ್ಲೇ ಐತೆ. ಖಾತೆ ಮಾಡಿಸಾಕೆ ಯಾರು ಓಡಾಡ್ತಾರೆ? ಸೊಸೈಟಿ ಸಾಲಾನೂ ಸಿಗಲ್ಲ, ಮೈದುನ ಮಾಡ್ತಾನೆ, ಕೊಟ್ಟಷ್ಟು ಕೊಡ್ತಾನೆ’ ಎಂದಳು. ಕಾಲುವೆಯಲ್ಲಿ ನೀರು ಸಾಗಿಸುವಾಗ ಎಲ್ಲಿ ಎಷ್ಟು ಸೋರಿಹೋಗುತ್ತದೆ ಎಂದು ಜೀವಮಾನವೆಲ್ಲ ಲೆಕ್ಕ ಹಾಕಿದವನು ನಾನು. ನನ್ನ ಮನೆಯಲ್ಲೇ ಸೋರಿದ್ದು ನನಗೆ ಕಂಡಿರಲಿಲ್ಲ.

ಆದರೂ ನಾನು ಸುಮ್ಮನಿದ್ದೆ. ಇದೇ ಮಠದಲ್ಲಿ ಒಂದು ಸಂಜೆ ಆಯ್ದಕ್ಕಿ ಲಕ್ಕಮ್ಮನ ಬಗ್ಗೆ ಪ್ರವಚನ ಕೇಳಿದೆವು. ಆ ಕಥೆ ನಿಮಗೆಲ್ಲ ಗೊತ್ತು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯ ಲಕ್ಕಮ್ಮರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಹೆಚ್ಚಿನ ಆಸೆ ನಮಗೇಕೆ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಶ್ರೀಮತಿಯವರು ಒಂದೇ ಮಾತು ಕೇಳಿದರು: ‘ಅಕ್ಕನ ಎಕರೆ ಯಾವಾಗ ಸುರಿದು ಬರ್ತೀರಿ?’

ನಾನು ಕಾನೂನು ನೋಡಿದೆ. ಎಂಜಿನಿಯರಿಗೆ ಮೊದಲು ಹೊಳೆಯುವುದು ನಿಯಮವೇ. ಆ ವಿಷಯ ನಿಮಗೂ ತಿಳಿದಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತನ್ನ 2ನೇ ಕಲಂನಲ್ಲೇ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದು ನಮ್ಮನ್ನು ಒಳಗೆ ಸೇರಿಸಿದೆ. ನಮ್ಮ ಧರ್ಮದ ಸ್ವತಂತ್ರ ಮಾನ್ಯತೆಯ ಚರ್ಚೆ ಬೇರೆ, ಆಸ್ತಿಯ ವಿಷಯದಲ್ಲಿ ಇವತ್ತು ನಮಗೆ ಅನ್ವಯವಾಗುವ ಕಾನೂನು ಇದೇ. ಹಳೆ ಮೈಸೂರಿನಲ್ಲಿ ಇದಕ್ಕೂ ಮೊದಲೇ, 1933ರಲ್ಲಿಯೇ, ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯಿದೆ ಬಂದು ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕೂ ಮೊದಲು ಆಗಿಹೋದ ವಿಲೇವಾರಿಗಳನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ.

ನಮ್ಮ ಪತ್ರ 2001ರದು. ಅಂದರೆ ಕಾನೂನಿನ ಮಟ್ಟಿಗೆ ನಾನು ಪಾರಾಗಿದ್ದೆ. ವಕೀಲರೂ ಹಾಗೇ ಹೇಳಿದರು. ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗ ತಾರೀಖಿನ ಲೆಕ್ಕ ನೆರವಿಗೆ ಬರುವುದಿಲ್ಲ.

ಬಾಲಕ ಬಸವಣ್ಣ ಉಪನಯನ ಬೇಡವೆಂದದ್ದು ಯಾಕೆ? ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ನನಗೇಕೆ ಎಂದು ಕೇಳಿ ಮನೆ ಬಿಟ್ಟರು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ನಮ್ಮ ಧರ್ಮದ ಬಾಗಿಲಲ್ಲೇ ಒಬ್ಬ ಅಕ್ಕ ಇದ್ದಾಳೆ, ಅವಳ ಪರವಾಗಿ ಪ್ರಶ್ನೆ ಕೇಳಿದ ಒಬ್ಬ ತಮ್ಮ ಇದ್ದಾನೆ. ಅಕ್ಕನಿಗೆ ಇಲ್ಲದ್ದು ತನಗೂ ಬೇಡ ಎಂದವರು ಅವರು. ಅಕ್ಕನಿಗೆ ಇದ್ದದ್ದನ್ನೂ ಬರೆಸಿಕೊಂಡವನು ನಾನು. ಹೆಣ್ಣುಮಗುವಿಗೂ ಲಿಂಗ ಕಟ್ಟುತ್ತೇವೆ, ಸಮಾನತೆ ಎಂದು ಭಾಷಣ ಮಾಡುತ್ತೇವೆ. ಪಹಣಿ ಬಂದಾಗ ಮಾತ್ರ ನಮ್ಮ ಬಾಯಲ್ಲಿ ಮನುವಿನ ಮಾತೇ ಬರುತ್ತದೆ.

ಕಳೆದ ವರ್ಷ ನನ್ನ ಪಾಲಿನಿಂದ ಒಂದೂವರೆ ಎಕರೆಯನ್ನು ಅಕ್ಕನ ಹೆಸರಿಗೆ ನೋಂದಾಯಿತ ದಾನಪತ್ರ ಮಾಡಿಕೊಟ್ಟೆ. ಮೂರು ಮಕ್ಕಳಿಗೆ ಒಂಬತ್ತು ಎಕರೆಯಾದರೆ ತಲೆಗೆ ಮೂರು, ನನ್ನ ಹತ್ತಿರ ಹೆಚ್ಚಿದ್ದದ್ದು ಒಂದೂವರೆ. ದಾನಪತ್ರ ಎಂಬ ಹೆಸರು ಕಾಗದಕ್ಕೆ, ನಿಜದಲ್ಲಿ ಅದು ವಾಪಸಾತಿ. ಅಣ್ಣ ಇನ್ನೂ ಒಪ್ಪಿಲ್ಲ. ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾನೆ. ಅವನು ಕೆಟ್ಟವನಲ್ಲ, ಊರೆಲ್ಲ ಮಾಡಿದ್ದನ್ನೇ ಅವನೂ ಮಾಡಿದ.

ಮೊದಲು ಬೇಡವೆಂದವಳು ಅಕ್ಕನೇ. ‘ಬ್ಯಾಡ ತಮ್ಮಾ, ತವರುಮನಿ ಬಾಗಿಲು ಮುಚ್ಚಿ ಹೋಗ್ತತಿ. ನಾಗರ ಪಂಚಮಿಗೆ ಕರಿಯೋರು ಯಾರು?’ ಎಂದಳು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಹಬ್ಬಕ್ಕೊಂದು ಕರೆ, ಒಂದು ಸೀರೆ, ಬಾಗಿಲು ತೆರೆದಿರುತ್ತದೆ ಎಂಬ ಭರವಸೆ. ಇದಕ್ಕಾಗಿ ಅವಳು ಒಂದು ಎಕರೆ ತೆತ್ತಿದ್ದಳು. ‘ನಮ್ಮ ಹೆಣ್ಣುಮಕ್ಕಳು ಕೇಳುವುದಿಲ್ಲ’ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅವರು ಕೇಳದಿರುವುದು ಬೇಡವೆಂದಲ್ಲ, ಕೇಳಿದರೆ ನಮ್ಮನ್ನು ಕಳೆದುಕೊಳ್ಳುತ್ತೇವೆ ಎಂಬ ಹೆದರಿಕೆಯಿಂದ.

ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ನನಗೆ ಗೊತ್ತು, ನಾನೂ ಅವನ್ನೇ ಕೇಳಿದವನು. ಮದುವೆಗೆ ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು ಎನ್ನುತ್ತೀರಿ. ಗಂಡುಮಗನ ಓದಿಗೆ, ಮದುವೆಗೆ ಮಾಡಿದ ಖರ್ಚನ್ನು ಅವನ ಪಾಲಿನಲ್ಲಿ ಯಾರಾದರೂ ಮುರಿದುಕೊಂಡಿದ್ದೀರಾ? ಮದುವೆಯ ಊಟ ಉಂಡು ಮುಗಿಯುತ್ತದೆ, ಭೂಮಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಭೂಮಿ ಚೂರು ಚೂರಾಗುತ್ತದೆ ಎನ್ನುತ್ತೀರಿ. ನಾಲ್ಕು ಜನ ಗಂಡುಮಕ್ಕಳು ಹಂಚಿಕೊಳ್ಳುವಾಗ ಈ ಮಾತು ಯಾರೂ ಎತ್ತುವುದಿಲ್ಲ. ಹೆಸರು ಸೇರಿಸಲು ಬದು ಹಾಕಬೇಕಾಗಿಲ್ಲ. ಜಂಟಿ ಖಾತೆಯಲ್ಲಿಟ್ಟುಕೊಂಡು ಒಬ್ಬರು ಸಾಗುವಳಿ ಮಾಡಿ ಉತ್ಪನ್ನ ಹಂಚಿಕೊಳ್ಳಬಹುದು. ಹೊರಗಿನವರಿಗೆ ಮಾರಿಬಿಟ್ಟರೆ ಎನ್ನುತ್ತೀರಿ. ಮರಣಪತ್ರವಿಲ್ಲದೆ ವಾರಸಾಗಿ ಬಂದ ಆಸ್ತಿಯಲ್ಲಿ ಒಬ್ಬ ವಾರಸುದಾರರು ತಮ್ಮ ಪಾಲು ಮಾರುವುದಾದರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗೆ ಎಂದು ಅದೇ ಕಾಯಿದೆಯ 22ನೇ ಕಲಂ ಹೇಳುತ್ತದೆ. ಕೃಷಿ ಭೂಮಿಗೂ ಅದು ಅನ್ವಯ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅಷ್ಟಕ್ಕೂ ನಮ್ಮ ಗಂಡುಮಕ್ಕಳು ಸೈಟಿಗೆ, ಸಾಲಕ್ಕೆ ಗದ್ದೆ ಮಾರಿಲ್ಲವೇ?

ಒಂದು ಮಾತನ್ನು ಮಠಗಳ ಕಡೆಗೂ ತಿರುಗಿಸುತ್ತೇನೆ, ಪೂಜ್ಯರು ಕ್ಷಮಿಸಬೇಕು. ಬಿಹಾರದ ಬೋಧ್ ಗಯಾದಲ್ಲಿ ಒಂದು ಶೈವ ಮಠದ ಕೈಯಲ್ಲಿ ಸಾವಿರಾರು ಎಕರೆ ಇತ್ತು. ಅದನ್ನು ದುಡಿಯುತ್ತಿದ್ದ ಭೂಹೀನರು 1978ರ ಸುಮಾರಿಗೆ ಹೋರಾಟ ಶುರು ಮಾಡಿದರು. ಹೋರಾಟದಲ್ಲಿ ಹೆಣ್ಣುಮಕ್ಕಳು ಮುಂದೆ ನಿಂತರು. ಭೂಮಿ ಹಂಚುವ ಕಾಲ ಬಂದಾಗ ಅದು ಗಂಡಸರ ಹೆಸರಿಗೆ ಹೊರಟಿತು. ಹೆಣ್ಣುಮಕ್ಕಳು ಪಟ್ಟು ಹಿಡಿದು ಕೆಲವು ಹಳ್ಳಿಗಳಲ್ಲಿ ತಮ್ಮ ಹೆಸರಿಗೇ ಹಕ್ಕುಪತ್ರ ಪಡೆದರು. ಬೀನಾ ಅಗರ್ವಾಲ್ ಅವರು 1994ರಲ್ಲಿ ಪ್ರಕಟಿಸಿದ, ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳ ಭೂಮಿಯ ಹಕ್ಕಿನ ಕುರಿತ ದೊಡ್ಡ ಗ್ರಂಥದಲ್ಲಿ ಇದನ್ನು ಬರೆದಿದ್ದಾರೆ. ಅಲ್ಲಿ ಮಠದ ಎದುರು ನಿಂತು ಪಡೆಯಬೇಕಾಯಿತು. ನಮ್ಮಲ್ಲಿ ಮಠಗಳೇ ಮುಂದೆ ನಿಂತು ಕೊಡಿಸುವಂತಾಗಲಿ ಎಂಬುದು ನನ್ನ ಪ್ರಾರ್ಥನೆ.

ಅದಕ್ಕೆ ನಾಲ್ಕು ಬಿನ್ನಹ ಮಾಡುತ್ತೇನೆ. ಒಂದು: ಹಿರಿಯರು ಲಿಂಗೈಕ್ಯರಾದ ಮನೆಯಲ್ಲಿ ಒಂದು ವರ್ಷದ ತನಕ ಹೆಣ್ಣುಮಕ್ಕಳಿಂದ ಯಾವ ಪತ್ರಕ್ಕೂ ಸಹಿ ಪಡೆಯಬಾರದು ಎಂದು ಶರಣ ಕುಟುಂಬಗಳು ವ್ರತ ಹಿಡಿಯಲಿ. ಆಮೇಲೂ ಬಿಟ್ಟುಕೊಡುತ್ತೇನೆ ಎಂದರೆ, ಎಷ್ಟು ಜಮೀನು, ಎಷ್ಟು ಬೆಲೆ ಎಂಬುದನ್ನು ಅಣ್ಣ ತಮ್ಮಂದಿರಿಲ್ಲದ ಜಾಗದಲ್ಲಿ ಅವಳಿಗೆ ಓದಿ ಹೇಳಲಿ. ಎರಡು: ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಮನೆಗೆ ಬಂದ ವಿಧವೆ ಸೊಸೆಯ ಖಾತೆಯನ್ನು ವರ್ಷದೊಳಗೆ ಮಾಡಿಸಿಕೊಡಿ. ನನ್ನಂಥ ನಿವೃತ್ತ ನೌಕರರು ಪ್ರತಿ ಸೋಮವಾರ ಮಠದಲ್ಲಿ ಕೂತು ಅರ್ಜಿ ಬರೆದುಕೊಡಲು ಸಿದ್ಧ. ಮೂರು: ಸಾಮೂಹಿಕ ಕಲ್ಯಾಣ ಮಹೋತ್ಸವದಲ್ಲಿ ಮದುವೆಯಾಗುವ ದಂಪತಿಗಳು ಮುಂದೆ ಕೊಳ್ಳುವ ಭೂಮಿಯನ್ನು ಇಬ್ಬರ ಹೆಸರಿನಲ್ಲೂ ಮಾಡಿಸುತ್ತೇವೆ ಎಂದು ಪ್ರತಿಜ್ಞೆ ಮಾಡಲಿ. ನಾಲ್ಕು: ನೀರು ಬಳಕೆದಾರರ ಸಂಘ ಇರುವ ಊರುಗಳಲ್ಲಿ, ಗದ್ದೆಯಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಸಭೆಗೆ ಕರೆದು, ಸರದಿ ಗೊತ್ತು ಮಾಡುವ ಮೊದಲು ಅವರ ಮಾತು ಕೇಳಿ.

ಇಷ್ಟು ಹೇಳಿದ್ದರಿಂದ ನಾನು ದೊಡ್ಡವನಾಗಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಕ್ಕನ ಭತ್ತ ನಾನು ಉಂಡಿದ್ದೇನೆ, ಅದು ತೀರಿಲ್ಲ.

ಕಳೆದ ಬೇಸಿಗೆ ಬೆಳೆಯಲ್ಲಿ ಅಕ್ಕ ತನ್ನ ಹೆಸರಿನ ಗದ್ದೆಯ ಭತ್ತ ಮಾರಿ, ಮೊದಲ ಚೀಲದ ಅಕ್ಕಿಯನ್ನು ಮಠದ ದಾಸೋಹಕ್ಕೆ ಕಳಿಸಿದಳು. ರಸೀದಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದಾಗ ಅಭ್ಯಾಸಬಲದಿಂದ ಭಾವನ ಹೆಸರು ಹೇಳಿದಳಂತೆ. ಆಮೇಲೆ ತಡೆದು, ‘ಇಲ್ಲ, ನನ್ನ ಹೆಸರೇ ಬರೀರಿ’ ಎಂದಳಂತೆ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಪಹಣಿ ತೆಗೆದು 9ನೇ ಕಾಲಂ ಓದಿ. ಅಲ್ಲಿ ಇರಬೇಕಾದ ಯಾರ ಹೆಸರು ಇಲ್ಲ ಎಂದು ಮನೆಯವರ ಎದುರಿಗೆ ಗಟ್ಟಿಯಾಗಿ ಹೇಳಿ. ನನ್ನ ಬಿನ್ನಹ ಇಷ್ಟೇ.